ಹೆಸರಿಗೊಂದು ರೂಪ: ಬ್ರ್ಯಾಂಡ್ ವಿನ್ಯಾಸಗಾರ್ತಿ ಸುಜಾತಾ ಕೇಶವನ್ ಅವರ ವೃತ್ತಿಜೀವನ

ಭಾರತದಲ್ಲಿ ಬ್ರ್ಯಾಂಡ್ ವಿನ್ಯಾಸವನ್ನು ಒಂದು ಸ್ವತಂತ್ರ ವೃತ್ತಿಯಾಗಿ ನೆಲೆಗೊಳಿಸಿದ ಪ್ರಮುಖರಲ್ಲಿ ಬೆಂಗಳೂರಿನ ಸುಜಾತಾ ಕೇಶವನ್ ಒಬ್ಬರು. 1989ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರೇ ಆಂಡ್ ಕೇಶವನ್ ಸಂಸ್ಥೆಯ ಸಹ ಸಂಸ್ಥಾಪಕರು. ದೇವನಹಳ್ಳಿಯ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ, ವಿಸ್ತಾರಾ ವಿಮಾನ ಸಂಸ್ಥೆ, ಡಾಬರ್ ಮೊದಲಾದ ಹೆಸರುಗಳಿಗೆ ರೂಪ ಕೊಡುವ ಕೆಲಸ ಈ ಸಂಸ್ಥೆಯಲ್ಲಿ ನಡೆದಿದೆ. ಸಂಸ್ಥೆಯ ಕೆಲಸಕ್ಕೆ ದೇಶ ವಿದೇಶಗಳ ವಿನ್ಯಾಸ ಪ್ರಶಸ್ತಿಗಳು ಸಂದಿವೆ.

ವ್ಯಾಪಾರ, ಗಿರಣಿ, ಮಂಡಿ, ಸಣ್ಣ ಕೈಗಾರಿಕೆಗಳನ್ನು ನಡೆಸುವ ಸಮಾಜದ ಕುಟುಂಬಗಳು ರಾಜ್ಯದ ಎಲ್ಲ ಜಿಲ್ಲೆಗಳಲ್ಲೂ ಇವೆ. ನಮ್ಮ ಹಿರಿಯರು ಸರಕನ್ನು ಚೆನ್ನಾಗಿ ಬಲ್ಲರು, ಲೆಕ್ಕವನ್ನು ಚೆನ್ನಾಗಿ ಬಲ್ಲರು. ಆದರೆ ಸರಕಿನ ಮೇಲಿನ ಹೆಸರು ಮತ್ತು ಗುರುತಿನ ವಿಷಯದಲ್ಲಿ ಗಮನ ಕೊಟ್ಟವರು ಕಡಿಮೆ. ಆ ಕೆಲಸವನ್ನೇ ಜೀವನದ ವೃತ್ತಿಯಾಗಿಸಿಕೊಂಡವರೊಬ್ಬರ ಪರಿಚಯ ಹಿರಿಯರಿಗೂ ಕಿರಿಯರಿಗೂ ಉಪಯುಕ್ತ ಎಂಬ ಕಾರಣದಿಂದ ಈ ಲೇಖನವನ್ನು ಕೊಡಲಾಗಿದೆ.

ದಾಬಸ್‌ಪೇಟೆಯ ರಸ್ತೆಯಲ್ಲಿ

ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆ ಬೆಂಗಳೂರು-ತುಮಕೂರು ಹೆದ್ದಾರಿಯ ಮೇಲಿರುವ ಊರು. ಶಿವಗಂಗೆ ಬೆಟ್ಟಕ್ಕೆ ಹೋಗುವವರು ಇಲ್ಲಿಯೇ ತಿರುಗಬೇಕು. ಬ್ರಿಟಿಷ್ ಅಧಿಕಾರಿ ಡಾಬ್ಸ್ ಅವರ ಹೆಸರಿನಿಂದ ಈ ಪೇಟೆಗೆ ಹೆಸರು ಬಂತು. ಜನರ ಬಾಯಲ್ಲಿ ಡಾಬ್ಸ್ ಪೇಟೆ ದಾಬಸ್‌ಪೇಟೆಯಾಯಿತು. ಇಂಗ್ಲಿಷ್ ಫಲಕಗಳಲ್ಲಿ ಇಂದಿಗೂ ಒಂದೊಂದು ಕಡೆ ಒಂದೊಂದು ಕಾಗುಣಿತ ಕಾಣುತ್ತದೆ. ಒಂದು ಹೆಸರನ್ನು ಎಲ್ಲ ಕಡೆಯೂ ಒಂದೇ ರೀತಿ ಬರೆಯದಿದ್ದರೆ ಹೊಸಬರು ತಬ್ಬಿಬ್ಬಾಗುತ್ತಾರೆ ಎಂಬುದಕ್ಕೆ ಈ ಊರೇ ಉದಾಹರಣೆ.

ಊರಿನ ಪಕ್ಕದಲ್ಲಿ ಸೋಂಪುರ ಕೈಗಾರಿಕಾ ಪ್ರದೇಶ ಬೆಳೆದಿದೆ. ಇಂತಹ ಕಡೆ ಹಗಲು ರಾತ್ರಿ ಲಾರಿಗಳಲ್ಲಿ ರಟ್ಟಿನ ಪೆಟ್ಟಿಗೆಗಳು, ಚೀಲಗಳು, ಡಬ್ಬಿಗಳು ಹೋಗುತ್ತಲೇ ಇರುತ್ತವೆ. ಪ್ರತಿಯೊಂದರ ಮೇಲೂ ಒಂದು ಹೆಸರು, ಒಂದು ಗುರುತು ಇರುತ್ತದೆ. ಇದೇ ರಸ್ತೆಯಲ್ಲಿ ಬೆಂಗಳೂರಿನ ಕಡೆಗೆ ಹೋದರೆ ಮಾಕಳಿಯಲ್ಲಿ ಹಿಮಾಲಯ ಕಂಪನಿ ಸಿಗುತ್ತದೆ. ಆ ಕಂಪನಿಯ ಗುರುತಿನಲ್ಲಿ ಇಂಗ್ಲಿಷಿನ ಎಚ್ ಅಕ್ಷರದ ನಡುವಿನ ಅಡ್ಡಗೆರೆ ಒಂದು ಎಲೆಯಾಗಿದೆ. ಓದಲು ಬಾರದವರೂ ಎಲೆಯನ್ನು ಕಂಡು ಇದು ಗಿಡಮೂಲಿಕೆಯ ಸರಕು ಎಂದು ತಿಳಿಯುತ್ತಾರೆ. ಇನ್ನೂ ಮುಂದೆ ಹೋದರೆ ಮೈಸೂರು ಸ್ಯಾಂಡಲ್ ಸಾಬೂನಿನ ಕಾರ್ಖಾನೆ. ಆನೆಯ ಸೊಂಡಿಲು ಮತ್ತು ಸಿಂಹದ ದೇಹವುಳ್ಳ ಶರಭದ ಗುರುತು, ಅಂಡಾಕಾರದ ಬಿಲ್ಲೆ, ಒಡವೆಯ ಪೆಟ್ಟಿಗೆಯಂತಹ ಡಬ್ಬಿ ಇವು ನೂರು ವರ್ಷದಿಂದ ಆ ಸಾಬೂನಿನ ಪರಿಚಯ ಹೇಳುತ್ತಿವೆ.

ಇಂತಹ ಗುರುತುಗಳು ತಾವಾಗಿಯೇ ಹುಟ್ಟುವುದಿಲ್ಲ. ಯಾರೋ ಒಬ್ಬರು ಕುಳಿತು ಯೋಚಿಸಿ, ಹತ್ತಾರು ಸಲ ಬರೆದು ಅಳಿಸಿ ಸಿದ್ಧ ಮಾಡಿರುತ್ತಾರೆ. ಸುಜಾತಾ ಕೇಶವನ್ ಅವರದು ಈ ಕೆಲಸ.

ವಿದ್ಯಾಭ್ಯಾಸ

ಸುಜಾತಾ ಅವರು ಗ್ರಾಫಿಕ್ ವಿನ್ಯಾಸವನ್ನು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಕಲಿತರು. ಎನ್‌ಐಡಿ ಎಂದೇ ಪ್ರಸಿದ್ಧವಾದ ಈ ಸಂಸ್ಥೆಯ ಹಿನ್ನೆಲೆ ತಿಳಿಯಬೇಕಾದದ್ದು. ಭಾರತ ಸರ್ಕಾರದ ಆಹ್ವಾನದ ಮೇಲೆ ಅಮೆರಿಕದ ವಿನ್ಯಾಸಗಾರ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ಅವರು ದೇಶ ಸುತ್ತಿ 1958ರಲ್ಲಿ ಒಂದು ವರದಿ ಕೊಟ್ಟರು. ನಮ್ಮ ಮನೆಯ ತಂಬಿಗೆಯನ್ನು ಅವರು ಅದರಲ್ಲಿ ಬಹಳವಾಗಿ ಮೆಚ್ಚಿ ಬರೆದಿದ್ದಾರೆ. ಹಿಡಿಯಲು, ಹೊರಲು, ಸುರಿಯಲು, ತೊಳೆಯಲು ಎಲ್ಲಕ್ಕೂ ಸರಿಹೊಂದುವಂತೆ ತಲೆಮಾರುಗಳು ಸೇರಿ ತಿದ್ದಿದ ರೂಪ ತಂಬಿಗೆಯದು ಎಂಬುದು ಅವರ ಅಭಿಪ್ರಾಯ. ಆ ವರದಿಯ ಫಲವಾಗಿ 1961ರಲ್ಲಿ ಎನ್‌ಐಡಿ ಆರಂಭವಾಯಿತು. ವಿನ್ಯಾಸವೆಂದರೆ ಮೇಲಿನ ಅಲಂಕಾರವಲ್ಲ, ಬಳಸುವವರಿಗೆ ಅನುಕೂಲ ಮಾಡಿಕೊಡುವ ವಿದ್ಯೆ ಎಂಬ ತಿಳಿವಳಿಕೆ ಇಲ್ಲಿಂದ ಹರಡಿತು.

ಎನ್‌ಐಡಿಯ ನಂತರ ಅವರು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಕಲಾಶಾಲೆಯಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಐಬಿಎಂ ಕಂಪನಿಯ ಪಟ್ಟೆ ಪಟ್ಟೆಯ ಗುರುತನ್ನು ಮಾಡಿದ ಪಾಲ್ ರ್‍ಯಾಂಡ್ ಅವರಂತಹ ಹಿರಿಯರು ಪಾಠ ಹೇಳಿದ ಶಾಲೆ ಅದು. ಅಲ್ಲಿಯೇ ಉಳಿದು ದುಡಿಯುವ ಅವಕಾಶ ಅಂತಹ ಶಾಲೆಯಲ್ಲಿ ಕಲಿತವರಿಗೆ ಕಡಿಮೆ ಇರುವುದಿಲ್ಲ. ಸುಜಾತಾ ಅವರು ಭಾರತಕ್ಕೆ ಮರಳಿದರು. ಇತಿಹಾಸಕಾರ ರಾಮಚಂದ್ರ ಗುಹಾ ಅವರು ಇವರ ಪತಿ.

ಸಂಸ್ಥೆಯ ಆರಂಭ

1989ರಲ್ಲಿ ಜಾಹೀರಾತು ಕ್ಷೇತ್ರದ ಹಿರಿಯರಾದ ರಾಮ್ ರೇ ಅವರೊಂದಿಗೆ ಸುಜಾತಾ ಅವರು ಬೆಂಗಳೂರಿನಲ್ಲಿ ರೇ ಆಂಡ್ ಕೇಶವನ್ ಸಂಸ್ಥೆಯನ್ನು ಸ್ಥಾಪಿಸಿದರು. ಆಗಿನ ಪರಿಸ್ಥಿತಿ ಬೇರೆಯಾಗಿತ್ತು. ಕಂಪನಿಗೆ ಒಂದು ಗುರುತು ಬೇಕಾದರೆ ಜಾಹೀರಾತು ಏಜೆನ್ಸಿಗೆ ಹೇಳುವುದು ರೂಢಿ. ಪತ್ರಿಕೆಗಳಿಂದ ಬರುವ ಶೇಕಡ 15ರ ಕಮಿಷನ್ನೇ ಏಜೆನ್ಸಿಯ ಮುಖ್ಯ ಆದಾಯವಾದ್ದರಿಂದ ಗುರುತಿನ ಕೆಲಸ ಅದರ ಜೊತೆಗೆ ಕೊಸರಿನಂತೆ ಸಿಗುತ್ತಿತ್ತು. ಸಣ್ಣ ವ್ಯಾಪಾರಿಗಳಾದರೆ ಪ್ರೆಸ್ಸಿನವರಿಗೋ ಬೋರ್ಡು ಬರೆಯುವವರಿಗೋ ಹೇಳುತ್ತಿದ್ದರು. ವಿನ್ಯಾಸಕ್ಕೆಂದೇ ಪ್ರತ್ಯೇಕವಾಗಿ ಹಣ ಕೊಡಬೇಕು ಎಂಬ ಮಾತನ್ನು ಗಿರಾಕಿಗೆ ಒಪ್ಪಿಸುವುದೇ ಮೊದಲ ಕಷ್ಟ.

1991ರ ನಂತರ ಆರ್ಥಿಕ ಉದಾರೀಕರಣದಿಂದ ಮಾರುಕಟ್ಟೆ ತೆರೆದುಕೊಂಡಿತು. ಹೊರದೇಶದ ಸರಕು ಅಂಗಡಿಯ ಅದೇ ಹಲಗೆಯ ಮೇಲೆ ನಮ್ಮ ಸರಕಿನ ಪಕ್ಕದಲ್ಲಿ ಬಂದು ಕುಳಿತಿತು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕಂಪನಿಗಳು ಬೆಳೆದು, ಹೊರದೇಶದ ಗಿರಾಕಿಗಳ ಎದುರು ನಿಲ್ಲಬೇಕಾಯಿತು. ಸರಕಿನ ಗುಣ ಒಳ್ಳೆಯದಿದ್ದರೂ ಹೊರಗಿನ ರೂಪ ಅದನ್ನು ಹೇಳದಿದ್ದರೆ ಗಿರಾಕಿ ಕೈಗೆತ್ತಿಕೊಳ್ಳುವುದಿಲ್ಲ ಎಂಬುದು ಆಗ ಎಲ್ಲರಿಗೂ ಅರಿವಾಯಿತು. ಈ ಕಾಲದಲ್ಲಿ ರೇ ಆಂಡ್ ಕೇಶವನ್ ದೇಶದ ಮುಂಚೂಣಿಯ ವಿನ್ಯಾಸ ಸಂಸ್ಥೆಗಳಲ್ಲಿ ಒಂದಾಗಿ ಬೆಳೆಯಿತು. ಮುಂದೆ ಜಾಗತಿಕ ಸಂಸ್ಥೆಯಾದ ಡಬ್ಲ್ಯುಪಿಪಿ ಇದನ್ನು ಕೊಂಡು ತನ್ನ ಬ್ರ್ಯಾಂಡ್ ಯೂನಿಯನ್ ಬಳಗಕ್ಕೆ ಸೇರಿಸಿಕೊಂಡಿತು. ಬೆಂಗಳೂರಿನಲ್ಲಿ ಸಣ್ಣದಾಗಿ ಆರಂಭವಾದ ಸಂಸ್ಥೆಗೆ ಇದು ದೊಡ್ಡ ಮನ್ನಣೆ.

ಪ್ರಮುಖ ಕೆಲಸಗಳು

ಡಾಬರ್: 1884ರಲ್ಲಿ ಕೋಲ್ಕತ್ತದ ವೈದ್ಯ ಎಸ್.ಕೆ. ಬರ್ಮನ್ ಅವರಿಂದ ಆರಂಭವಾದ ಸಂಸ್ಥೆ. ಡಾಕ್ಟರ್ ಎಂಬುದರ 'ಡಾ', ಬರ್ಮನ್ ಎಂಬುದರ 'ಬರ್' ಸೇರಿ ಡಾಬರ್ ಆಯಿತು. ಇದರ ಹಳೆಯ ಗುರುತು ಆಲದ ಮರ. 2004ರ ಸುಮಾರಿಗೆ ಹೊಸ ರೂಪ ಕೊಡುವಾಗ ಮರವನ್ನು ತೆಗೆದುಹಾಕಲಿಲ್ಲ. ಅದನ್ನೇ ಸರಳಗೊಳಿಸಿ, ಹೊಸ ಬಣ್ಣ ಕೊಟ್ಟು ಉಳಿಸಿಕೊಳ್ಳಲಾಯಿತು. ಅಜ್ಜಿಯ ಕಾಲದಿಂದ ಕೊಳ್ಳುತ್ತಿದ್ದವರಿಗೆ ಗುರುತು ತಪ್ಪಲಿಲ್ಲ, ಮೊಮ್ಮಕ್ಕಳಿಗೆ ಹಳತೆನಿಸಲಿಲ್ಲ. ಹಳೆಯ ಅಂಗಡಿಯನ್ನು ನವೀಕರಿಸುವವರು ಗಮನಿಸಬೇಕಾದ ಕೆಲಸ ಇದು.

ಬೆಂಗಳೂರು ವಿಮಾನ ನಿಲ್ದಾಣ: ದೇವನಹಳ್ಳಿಯ ಹೊಸ ನಿಲ್ದಾಣ 2008ರ ಮೇ ತಿಂಗಳಲ್ಲಿ ಆರಂಭವಾಯಿತು. 2013ರಲ್ಲಿ ಕೆಂಪೇಗೌಡರ ಹೆಸರು ಬಂತು. ಆರಂಭದ ನಿಲ್ದಾಣದ ಗುರುತಿನ ವಿನ್ಯಾಸ ರೇ ಆಂಡ್ ಕೇಶವನ್ ಸಂಸ್ಥೆಯದು. ವಿಮಾನ ನಿಲ್ದಾಣದಲ್ಲಿ ವಿನ್ಯಾಸದ ಪರೀಕ್ಷೆ ಕಠಿಣ. ಮೊದಲ ಸಲ ಮಗಳ ಮನೆಗೆ ಹೊರಟ ತಾಯಿಗೂ, ಅವಸರದಲ್ಲಿ ಓಡುವ ವ್ಯಾಪಾರಿಗೂ, ಭಾಷೆ ಬಾರದ ವಿದೇಶಿಯರಿಗೂ ಒಂದೇ ಗಳಿಗೆಯಲ್ಲಿ ದಾರಿ ತಿಳಿಯಬೇಕು. ಕನ್ನಡ, ಹಿಂದಿ, ಇಂಗ್ಲಿಷ್ ಅಕ್ಷರಗಳು ಒಂದನ್ನೊಂದು ಮರೆಮಾಡದೆ ಕಾಣಬೇಕು. ಕನ್ನಡದಲ್ಲಿ ಒತ್ತಕ್ಷರ ಸಾಲಿನ ಕೆಳಗೆ ಬರುವುದರಿಂದ ಇಂಗ್ಲಿಷಿಗೆ ಬಿಟ್ಟಷ್ಟೇ ಜಾಗ ಬಿಟ್ಟರೆ ಅಕ್ಷರಗಳು ಕುಗ್ಗಿಹೋಗುತ್ತವೆ. ನಮ್ಮ ಅನೇಕ ಅಂಗಡಿ ಬೋರ್ಡುಗಳಲ್ಲಿ ಆಗುವ ತಪ್ಪು ಇದೇ.

ವಿಸ್ತಾರಾ: ಟಾಟಾ ಮತ್ತು ಸಿಂಗಾಪುರ ಏರ್‌ಲೈನ್ಸ್ ಜೊತೆಗೂಡಿ ಆರಂಭಿಸಿದ ವಿಮಾನ ಸಂಸ್ಥೆಯ ಹೆಸರು ಮತ್ತು ಗುರುತು 2014ರಲ್ಲಿ ಪ್ರಕಟವಾದವು. ವಿಸ್ತಾರ ಎಂಬ ಸಂಸ್ಕೃತ ಪದ ಕನ್ನಡಿಗರಿಗೆ ಹೊಸದಲ್ಲ. ಎಂಟು ಮೂಲೆಗಳ ನಕ್ಷತ್ರದ ಆ ಗುರುತಿಗೆ ಯಂತ್ರದ ರೇಖೆಗಳು ಪ್ರೇರಣೆ. ಬಸದಿಗಳಲ್ಲಿ ಸಿದ್ಧಚಕ್ರ ಯಂತ್ರವನ್ನು ನೋಡಿರುವ ಸಮಾಜ ಬಾಂಧವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ: ನಡುವೆ ಒಂದು ಬಿಂದು, ಅದರ ಸುತ್ತ ಸಮತೂಕದ ರೇಖೆಗಳು. ಬದನೆಕಾಯಿಯ ಬಣ್ಣ ಮತ್ತು ಚಿನ್ನದ ಬಣ್ಣವನ್ನು ಆರಿಸಲಾಯಿತು. 2015ರ ಜನವರಿ 9ರಂದು ಮೊದಲ ವಿಮಾನ ಹಾರಿತು. 2024ರ ನವೆಂಬರ್ 12ರಂದು ವಿಸ್ತಾರಾ ಏರ್ ಇಂಡಿಯಾದಲ್ಲಿ ವಿಲೀನವಾಗಿ ಆ ಹೆಸರು ನಿಂತುಹೋಯಿತು. ಹತ್ತು ವರ್ಷ ತುಂಬುವ ಮೊದಲೇ ಒಂದು ಒಳ್ಳೆಯ ಗುರುತು ಮರೆಯಾಯಿತು. ಗುರುತು ಎಷ್ಟೇ ಚೆನ್ನಾಗಿದ್ದರೂ ಅದರ ಆಯುಷ್ಯ ಮಾಲೀಕರ ತೀರ್ಮಾನದಲ್ಲಿರುತ್ತದೆ, ವಿನ್ಯಾಸಗಾರರ ಕೈಯಲ್ಲಿಲ್ಲ. ಈ ವೃತ್ತಿಗೆ ಬರುವವರು ಇದನ್ನೂ ತಿಳಿದಿರಬೇಕು.

ಫ್ರಾನ್ಸಿನ ಕಾನ್ ನಗರದಲ್ಲಿ ನಡೆಯುವ ಪ್ರಸಿದ್ಧ ಜಾಹೀರಾತು ಮತ್ತು ವಿನ್ಯಾಸ ಉತ್ಸವದ ತೀರ್ಪುಗಾರರ ಮಂಡಳಿಯಲ್ಲಿಯೂ ಸುಜಾತಾ ಅವರು ಕುಳಿತಿದ್ದಾರೆ. ನಂತರದ ವರ್ಷಗಳಲ್ಲಿ ಅವರು ವರಾನಾ ಎಂಬ ಉಡುಪಿನ ಸಂಸ್ಥೆಯ ಸ್ಥಾಪನೆಯಲ್ಲಿ ಭಾಗಿಯಾದರು. ಲಂಡನ್ನಿನ ಡೋವರ್ ಸ್ಟ್ರೀಟಿನಲ್ಲಿ ಇದರ ಮಳಿಗೆ ತೆರೆಯಿತು. ಬೇರೆಯವರ ಹೆಸರಿಗೆ ರೂಪ ಕೊಡುತ್ತಿದ್ದವರು ಭಾರತದ ಕೈಮಗ್ಗದ ಕಸುಬುದಾರರ ಬಟ್ಟೆಯನ್ನು ತಮ್ಮದೇ ಹೆಸರಿನಲ್ಲಿ ಹೊರದೇಶದ ಪೇಟೆಗೆ ಒಯ್ದರು.

ಒಳ್ಳೆಯ ಗುರುತು ಎಂದರೇನು?

ಇದನ್ನು ತಿಳಿಯಲು ನಮ್ಮ ಸಮಾಜದಲ್ಲಿಯೇ ಉತ್ತಮ ಉದಾಹರಣೆ ಇದೆ. ಭಗವಾನ್ ಮಹಾವೀರರ 2500ನೆಯ ನಿರ್ವಾಣ ಮಹೋತ್ಸವದ ಸಂದರ್ಭದಲ್ಲಿ, 1974-75ರಲ್ಲಿ, ಎಲ್ಲ ಪಂಥಗಳೂ ಒಪ್ಪಿದ ಜೈನ ಪ್ರತೀಕ ರೂಪುಗೊಂಡಿತು. ತ್ರಿಲೋಕದ ಹೊರರೇಖೆ, ಅದರೊಳಗೆ ಅಭಯ ಹಸ್ತ, ಅಂಗೈಯಲ್ಲಿ ಅಹಿಂಸೆಯ ಚಕ್ರ, ಮೇಲೆ ಸ್ವಸ್ತಿಕ, ರತ್ನತ್ರಯದ ಮೂರು ಬಿಂದು, ಸಿದ್ಧಶಿಲೆಯ ಅರ್ಧಚಂದ್ರ, ಕೆಳಗೆ ತತ್ತ್ವಾರ್ಥಸೂತ್ರದ ಒಂದು ಸೂತ್ರ. ಪೂಜಾವಿಧಿಯಲ್ಲಿ ಭೇದವಿರುವವರೂ ಈ ಒಂದು ಗುರುತಿನ ಕೆಳಗೆ ಸೇರಿದರು. ಕಪ್ಪು ಬಿಳುಪಿನಲ್ಲಿ ಅಚ್ಚು ಹಾಕಿದರೂ, ಧ್ವಜದ ಮೇಲೆ ದೊಡ್ಡದಾಗಿ ಬರೆದರೂ, ಲಗ್ನಪತ್ರಿಕೆಯ ಮೂಲೆಯಲ್ಲಿ ಚಿಕ್ಕದಾಗಿ ಹಾಕಿದರೂ ಗುರುತು ಸಿಗುತ್ತದೆ.

ವಿನ್ಯಾಸಗಾರರು ಕಂಪನಿಯ ಗುರುತಿನಲ್ಲಿ ಹುಡುಕುವುದೂ ಇವೇ ಗುಣಗಳನ್ನು. ಚಿಕ್ಕದಾದರೂ ಕಾಣಬೇಕು. ಒಂದೇ ಬಣ್ಣದಲ್ಲಿಯೂ ನಿಲ್ಲಬೇಕು. ಬೇರೆಯವರ ಗುರುತಿನಂತೆ ಇರಬಾರದು. ಬಿಲ್ಲು, ಚೀಲ, ಬೋರ್ಡು, ಗಾಡಿ ಎಲ್ಲೆಡೆ ಒಂದೇ ರೀತಿ ಇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಸರಕು ಏನೆಂಬುದನ್ನು ಸುಳ್ಳಿಲ್ಲದೆ ಹೇಳಬೇಕು. ಸತ್ಯಾಣುವ್ರತ, ಅಚೌರ್ಯಾಣುವ್ರತಗಳನ್ನು ಅಂಗಡಿಯಲ್ಲಿ ಪಾಲಿಸುವ ಶ್ರಾವಕರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಮತ್ತೊಬ್ಬರ ಗುರುತನ್ನು ಅಲ್ಪಸ್ವಲ್ಪ ಬದಲಿಸಿ ತನ್ನ ಚೀಲದ ಮೇಲೆ ಹಾಕಿಕೊಳ್ಳುವುದು ಕಾನೂನಿಗೂ ಧರ್ಮಕ್ಕೂ ಸರಿಯಲ್ಲ.

ಸಣ್ಣ ವ್ಯಾಪಾರಿಗಳು ತಿಳಿಯಬೇಕಾದದ್ದು

ದೊಡ್ಡ ಸಂಸ್ಥೆಗಳಷ್ಟು ಖರ್ಚು ಮಾಡುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಬೇಳೆ ಗಿರಣಿ, ಮಸಾಲೆ ಪುಡಿ, ಹಪ್ಪಳ, ಅಗರಬತ್ತಿ ವ್ಯಾಪಾರ ಮಾಡುವವರೂ ಈ ಕೆಳಗಿನ ವಿಷಯಗಳನ್ನು ಪಾಲಿಸಬಹುದು.

ಒಂದು, ಹೆಸರಿನ ಆಯ್ಕೆ. ನಮ್ಮಲ್ಲಿ ಹೆಚ್ಚಿನವರು ಭಕ್ತಿಯಿಂದ ಮಹಾವೀರ, ಪಾರ್ಶ್ವನಾಥ, ಪದ್ಮಾವತಿ ಎಂದೇ ಅಂಗಡಿಗೆ ಹೆಸರಿಡುತ್ತಾರೆ. ಒಂದೇ ಪೇಟೆಯಲ್ಲಿ ಒಂದೇ ಹೆಸರಿನ ಹಲವು ಅಂಗಡಿಗಳಾಗುತ್ತವೆ. ಇಂತಹ ಹೆಸರನ್ನು ತನ್ನೊಬ್ಬನದೇ ಎಂದು ಕಾನೂನಿನಲ್ಲಿ ಸಾಧಿಸುವುದು ಕಷ್ಟ. ಅಗರಬತ್ತಿಗೆ 'ರಾಮಾಯಣ' ಎಂಬ ಹೆಸರನ್ನು ಟ್ರೇಡ್‌ಮಾರ್ಕ್ ಆಗಿ ಕೇಳಿದ ಪ್ರಕರಣದಲ್ಲಿ, ಪವಿತ್ರ ಗ್ರಂಥದ ಹೆಸರನ್ನು ಒಬ್ಬರೇ ತಮ್ಮ ಸ್ವತ್ತಾಗಿ ಮಾಡಿಕೊಳ್ಳಲಾಗದು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ತೀರ್ಪು ಕೊಟ್ಟಿದೆ. ಅಂಗಡಿಗೆ ಭಗವಂತನ ಹೆಸರಿದ್ದರೂ, ಸರಕಿಗೆ ಮನೆತನದ ಅಥವಾ ಊರಿನ ನೆನಪು ಸೇರಿದ ಬೇರೆ ಹೆಸರನ್ನು ಯೋಚಿಸುವುದು ಒಳ್ಳೆಯದು.

ಎರಡು, ಜಿನಬಿಂಬದ ಚಿತ್ರ. ಚೀಲ, ಪಾಕೀಟುಗಳ ಮೇಲೆ ತೀರ್ಥಂಕರರ ಚಿತ್ರ ಹಾಕಿದರೆ ಸರಕು ಮುಗಿದ ಮೇಲೆ ಅದು ತಿಪ್ಪೆ ಸೇರುತ್ತದೆ, ಕಾಲಡಿ ಬೀಳುತ್ತದೆ. ಭಕ್ತಿಯಿಂದ ಮಾಡಿದ್ದು ಅವಿನಯವಾಗುತ್ತದೆ. ಕಮಲ, ಕಲಶ, ದೀಪ, ನವಿಲುಗರಿಯಂತಹ ರೂಪಗಳನ್ನು ಒಳ್ಳೆಯ ವಿನ್ಯಾಸಗಾರರು ಹೊಸದಾಗಿ ಬರೆದುಕೊಡಬಲ್ಲರು.

ಮೂರು, ನೋಂದಣಿ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯಂತೆ ಹೆಸರು ಮತ್ತು ಗುರುತನ್ನು ನೋಂದಾಯಿಸಬಹುದು. ಸರಕು ಮತ್ತು ಸೇವೆಗಳನ್ನು 45 ವರ್ಗಗಳಾಗಿ ವಿಂಗಡಿಸಲಾಗಿದೆ. ಮಸಾಲೆ, ಹಿಟ್ಟು, ಸಿಹಿತಿಂಡಿಗಳು 30ನೆಯ ವರ್ಗದಲ್ಲಿ ಬರುತ್ತವೆ. 2017ರ ನಿಯಮಗಳ ಪ್ರಕಾರ ವ್ಯಕ್ತಿ ಅಥವಾ ಸಣ್ಣ ಉದ್ದಿಮೆ ಆನ್‌ಲೈನ್ ಮೂಲಕ ಅರ್ಜಿ ಹಾಕಿದರೆ ಒಂದು ವರ್ಗಕ್ಕೆ 4,500 ರೂ., ಉಳಿದವರಿಗೆ 9,000 ರೂ. ಶುಲ್ಕ. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ನೋಂದಣಿ 10 ವರ್ಷ ಊರ್ಜಿತವಾಗಿದ್ದು ಮತ್ತೆ ಮತ್ತೆ ನವೀಕರಿಸಬಹುದು. ನೋಂದಣಿಯಾಗದೆ ವೃತ್ತದೊಳಗಿನ ಆರ್ ಚಿಹ್ನೆಯನ್ನು ಹಾಕಿಕೊಳ್ಳುವುದು ಅಪರಾಧ. ಅದುವರೆಗೆ ಟಿಎಂ ಎಂದು ಬರೆಯಬಹುದು.

ನಾಲ್ಕು, ವಿನ್ಯಾಸದ ಹಕ್ಕು. ಹಣ ಕೊಟ್ಟ ಮಾತ್ರಕ್ಕೆ ಚಿತ್ರದ ಕೃತಿಸ್ವಾಮ್ಯ ತನ್ನದಾಯಿತು ಎಂದು ತಿಳಿಯಬಾರದು. ವಿನ್ಯಾಸಗಾರರಿಂದ ಹಕ್ಕನ್ನು ಬರವಣಿಗೆಯಲ್ಲಿ ಪಡೆದುಕೊಳ್ಳಬೇಕು. ಜೊತೆಗೆ ಮೂಲ ಫೈಲನ್ನೂ ಕೇಳಿ ಪಡೆಯಬೇಕು. ಇಲ್ಲದಿದ್ದರೆ ಪ್ರೆಸ್ಸು ಬದಲಾದಾಗಲೆಲ್ಲ ಗುರುತೂ ಸ್ವಲ್ಪ ಸ್ವಲ್ಪ ಬದಲಾಗುತ್ತಾ ಹೋಗುತ್ತದೆ.

ಐದು, ಹಸಿರು ಚುಕ್ಕೆ. ಸಸ್ಯಾಹಾರದ ಪೊಟ್ಟಣದ ಮೇಲೆ ಹಸಿರು ಚೌಕದೊಳಗೆ ಹಸಿರು ವೃತ್ತ ಕಡ್ಡಾಯ. ಮಾಂಸಾಹಾರಕ್ಕೆ ಮೊದಲು ಕಂದು ವೃತ್ತವಿತ್ತು. ಬಣ್ಣ ಗುರುತಿಸಲಾಗದವರಿಗೆ ಎರಡೂ ಒಂದೇ ರೀತಿ ಕಾಣುತ್ತಿದ್ದುದರಿಂದ 2020ರ ನಿಯಮಾವಳಿಯಲ್ಲಿ ಅದನ್ನು ಕಂದು ತ್ರಿಕೋನವಾಗಿ ಬದಲಿಸಲಾಯಿತು. ಒಂದು ಚಿಕ್ಕ ಆಕಾರದ ಬದಲಾವಣೆಯಿಂದ ಒಂದು ಮನೆಯ ಆಹಾರಶುದ್ಧಿ ಉಳಿಯುತ್ತದೆ. ವಿನ್ಯಾಸದ ಮಹತ್ವವನ್ನು ಜೈನ ಕುಟುಂಬಗಳಿಗೆ ಇದಕ್ಕಿಂತ ಚೆನ್ನಾಗಿ ತಿಳಿಸುವ ಉದಾಹರಣೆ ಸಿಗಲಾರದು.

ಮಕ್ಕಳ ಮುಂದಿರುವ ದಾರಿ

ಚಿತ್ರ ಬರೆಯುವ ಮಗ ಅಥವಾ ಮಗಳು ಮನೆಯಲ್ಲಿದ್ದರೆ, ಬಿಕಾಂ ಮಾಡು, ಸಿಎ ಮಾಡು, ಚಿತ್ರವನ್ನು ಬಿಡುವಿನಲ್ಲಿ ಬರೆದುಕೋ ಎನ್ನುವುದು ನಮ್ಮ ಕುಟುಂಬಗಳಲ್ಲಿ ಸಾಮಾನ್ಯ. ಹೊಟ್ಟೆಪಾಡಿನ ಚಿಂತೆಯಿಂದ ಹಿರಿಯರು ಹಾಗೆ ಹೇಳುತ್ತಾರೆ. ಆದರೆ ವಿನ್ಯಾಸ ಈಗ ಪದವಿ, ಪ್ರವೇಶ ಪರೀಕ್ಷೆ, ಉದ್ಯೋಗ ಎಲ್ಲವೂ ಇರುವ ವಿದ್ಯೆ. ಪಿಯುಸಿಯಲ್ಲಿ ಯಾವ ವಿಭಾಗ ಓದಿದವರೂ ಎನ್‌ಐಡಿಯ ನಾಲ್ಕು ವರ್ಷದ ಬಿ.ಡಿಸೈನ್ ಪದವಿಗೆ ಪರೀಕ್ಷೆ ಬರೆಯಬಹುದು. ಪ್ರಾಥಮಿಕ ಮತ್ತು ಮುಖ್ಯ ಎಂದು ಎರಡು ಹಂತಗಳಿವೆ. ಐಐಟಿಗಳ ವಿನ್ಯಾಸ ವಿಭಾಗಗಳಿಗೆ ಯುಸೀಡ್ ಪರೀಕ್ಷೆ ಇದೆ. ಬೆಂಗಳೂರಿನಲ್ಲಿ ಸೃಷ್ಟಿ ಸಂಸ್ಥೆ ಮತ್ತು ಚಿತ್ರಕಲಾ ಪರಿಷತ್ತುಗಳಿವೆ. ಎನ್‌ಐಡಿಯ ಬೆಂಗಳೂರು ಕೇಂದ್ರ ಇರುವುದು ತುಮಕೂರು ರಸ್ತೆಯ ಬಳಿ, ಯಶವಂತಪುರದ ಹತ್ತಿರ. ಇಲ್ಲಿ ಸ್ನಾತಕೋತ್ತರ ತರಗತಿಗಳು ನಡೆಯುತ್ತವೆ. ದಾಬಸ್‌ಪೇಟೆಯವರಿಗೆ ಇದು ತಮ್ಮದೇ ರಸ್ತೆ.

ಸುಜಾತಾ ಕೇಶವನ್ ಅವರು ಈ ವೃತ್ತಿಗೆ ಬಂದಾಗ ದೇಶದಲ್ಲಿ ಇಂತಹ ಶಾಲೆಗಳು ಬೆರಳೆಣಿಕೆಯಷ್ಟಿದ್ದವು, ಗಿರಾಕಿಗಳಿಗೆ ಈ ವೃತ್ತಿಯ ಹೆಸರೂ ಸರಿಯಾಗಿ ತಿಳಿದಿರಲಿಲ್ಲ. ಇಂದು ಶಾಲೆಗಳಿವೆ, ಕೆಲಸವೂ ಇದೆ. ಅಜ್ಜ ಕಟ್ಟಿದ ಅಂಗಡಿಯ ಹೆಸರಿಗೆ ಮೊಮ್ಮಗಳು ಹೊಸ ರೂಪ ಕೊಡುವ ಕಾಲ ಬಂದಿದೆ. ಹೆಸರಿಗೆ ತಕ್ಕ ಸರಕನ್ನು ತುಂಬುವ ಹೊಣೆ ಎಂದಿನಂತೆ ಗಲ್ಲಾದ ಮೇಲೆ ಕುಳಿತವರದು.